ಉಪ್ಪುಖಾರ ತೊಳೆದ ಮಾತು

ಕಿವಿ ಕೇಳುವ ಜನಕ್ಕೆ ತಮಾಷೆ ಅರ್ಥವಾಗುವುದಿಲ್ಲ ಎಂದು ನಮ್ಮ ದರ್ಜಿ ಬಹಳ ವರ್ಷ ನಂಬಿಕೊಂಡಿದ್ದ. ಹಾಗೆ ನಂಬಲು ಅವನಿಗೆ ಕಾರಣವೂ ಇತ್ತು. ಅವನು ಹುಟ್ಟುಕಿವುಡ, ಹೆಂಡತಿಗೂ ಕೇಳಿಸುವುದಿಲ್ಲ. ಇಬ್ಬರೂ ಕೈಯಲ್ಲೇ ಮಾತಾಡುವವರು. ಅವನು ಕತ್ತರಿ ಕೆಳಗಿಟ್ಟು ಏನಾದರೂ ಹೇಳಿದನೆಂದರೆ, ಕಾಜ ಹೊಲಿಯುತ್ತ ಕೂತ ಹೆಂಡತಿ ಸೂಜಿ ಬಿಟ್ಟು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಅದೇ ಮಾತನ್ನು ಗಿರಾಕಿಗೆ ಹೇಳಿದರೆ ಗಿರಾಕಿ ನಗುತ್ತಲೇ ಇರಲಿಲ್ಲ. ಮುಖ ಮೆತ್ತಗೆ ಮಾಡಿಕೊಂಡು, ದರ್ಜಿಯ ಭುಜ ತಟ್ಟಿ ಹೊರಟುಬಿಡುತ್ತಿದ್ದ. 'ಪಾಪ, ಕಿವಿ ಕೇಳುತ್ತೆ ಅಷ್ಟೆ, ಬೇರೇನೂ ಇಲ್ಲ' ಎಂದು ದರ್ಜಿ ಹೆಂಡತಿಗೆ ಸನ್ನೆ ಮಾಡುತ್ತಿದ್ದ.

ಗುಟ್ಟು ಇದ್ದದ್ದು ಮಗಳ ಹತ್ತಿರ. ಅವಳಿಗೆ ಕಿವಿ ಕೇಳುತ್ತದೆ. ಸಣ್ಣವಳಿದ್ದಾಗಿನಿಂದ ಹೊಲಿಗೆಯಂತ್ರಕ್ಕೂ ಗಲ್ಲಾಪೆಟ್ಟಿಗೆಗೂ ನಡುವೆ ಒಂದು ಸ್ಟೂಲು ಹಾಕಿಕೊಂಡು, ಅಪ್ಪನ ಕೈಮಾತನ್ನು ಬಾಯಿಗೂ ಗಿರಾಕಿಯ ಬಾಯಿಮಾತನ್ನು ಕೈಗೂ ದಾಟಿಸುವುದು ಅವಳ ಕೆಲಸವಾಗಿತ್ತು. ಬಂದವರಿಗೆ ಚಹಾ ಕೊಟ್ಟರೆ ಎಲ್ಲರದ್ದೂ ಮುಗಿದು, ಕೈ ಬಿಡುವಿಲ್ಲದ ಇವಳ ಲೋಟ ಮಾತ್ರ ಕೆನೆಗಟ್ಟಿ ತಣ್ಣಗೆ ಕೂತಿರುತ್ತಿತ್ತು.

ಜನ ಸಾಮಾನ್ಯವಾಗಿ ಮಾತಿಗೆ ಉಪ್ಪುಖಾರ ಹಚ್ಚಿ ಹೇಳುತ್ತಾರೆ. ಈ ಹುಡುಗಿ ಇದ್ದ ಉಪ್ಪುಖಾರವನ್ನೂ ತೊಳೆದು ಹೇಳುತ್ತಿದ್ದಳು. ಬೇಕರಿಯವನು ಬಂದು ಪ್ಯಾಂಟು ಕುಗ್ಗಿಹೋಗಿದೆ ಎಂದು ಹಾರಾಡಿದ ದಿನ ದರ್ಜಿ ಹೇಳಿದ್ದು, "ಪ್ಯಾಂಟು ಕುಗ್ಗಿಲ್ಲ, ಹೊಟ್ಟೆ ಹಿಗ್ಗಿದೆ. ನಾನು ಹೊಲಿದಿದ್ದು ಪ್ಯಾಂಟು ಮಾತ್ರ, ಹೊಟ್ಟೆ ನಿನ್ನ ಸ್ವಂತದ್ದು." ಮಗಳು ಹೇಳಿದ್ದು, "ಸರಿ ಮಾಡ್ಕೊಡ್ತಾರಂತೆ. ಬೇಜಾರು ಮಾಡ್ಕೋಬೇಡಿ ಅಂತಿದಾರೆ." ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಕಲೆ ಅವಳಿಗೆ ಲಂಗ ಹಾಕುವ ವಯಸ್ಸಿಗೇ ಸಿದ್ಧಿಸಿತ್ತು. ಹೀಗಾಗಿ ಬೀದಿಯವರೆಲ್ಲ 'ನಮ್ಮ ಮೂಗ ದರ್ಜಿ ದೇವರಂಥ ಮನುಷ್ಯ, ಒಂದು ಇರುವೆಯನ್ನೂ ನೋಯಿಸಲ್ಲ' ಎನ್ನುತ್ತಿದ್ದರು. ಅವನು ಬೀದಿಯ ಒಬ್ಬೊಬ್ಬರಿಗೂ ಸನ್ನೆಯಲ್ಲಿ ಎಂಥೆಂಥ ಅಡ್ಡಹೆಸರು ಇಟ್ಟಿದ್ದಾನೆಂದು ಗೊತ್ತಾಗಿದ್ದರೆ ಅಂಗಡಿಯ ಮುಂದೆ ಹಾಯುತ್ತಲೂ ಇರಲಿಲ್ಲ.

ಮಗಳು ದೊಡ್ಡವಳಾಗಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅದೇ ಸುಮಾರಿಗೆ ಪಕ್ಕದ ಬೀದಿಯಲ್ಲಿ ಕಿವುಡರಿಗಾಗಿ ಒಂದು ಸೇವಾಕೇಂದ್ರ ಶುರುವಾಯಿತು. ಕೇಳದವರ ಜೊತೆ ಆಸ್ಪತ್ರೆಗೋ ಕಚೇರಿಗೋ ಹೋಗಿ ಎರಡೂ ಕಡೆಯ ಮಾತು ದಾಟಿಸಲು ಅಲ್ಲಿ ಒಬ್ಬ ಅನುವಾದಕಿ ಇದ್ದಳು. ಕಡ್ಡಿಯಂಥ ಹೆಂಗಸು. ಒಂದು ದಿನ ರವಿಕೆಯ ತೋಳು ಚಿಕ್ಕದು ಮಾಡಿಸಲು ಅವಳು ದರ್ಜಿಯ ಅಂಗಡಿಗೆ ಬಂದಿದ್ದಾಗ, ಕೋಟು ಇನ್ನೂ ಆಗಿಲ್ಲವೇ ಎಂದು ರೇಗುತ್ತ ಶಾಲೆಯ ಮೇಷ್ಟ್ರೂ ಬಂದರು. ಮಗಳು ಇರಲಿಲ್ಲವಾದ್ದರಿಂದ ಅನುವಾದಕಿಯೇ ನಡುವೆ ನಿಂತಳು. ದರ್ಜಿಯ ಕೈ ಆಡಿತು. ಅವಳು ಗಂಟಲು ಸರಿಮಾಡಿಕೊಂಡು, ಅವನ ಮಾತನ್ನು 'ನಾನು' ಎಂದೇ ಹೇಳಿದಳು. "ನನ್ನ ಮಗಳಿಗೆ ಗುಣಾಕಾರ ಕಲಿಸೋಕೆ ನೀವು ತಗೊಂಡಷ್ಟು ಕಾಲ ನಾನಿನ್ನೂ ತಗೊಂಡಿಲ್ಲ ಮೇಷ್ಟ್ರೇ."

ಮೇಷ್ಟ್ರು ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟರು. ಆಮೇಲೆ ಮೇಜು ಹಿಡಿದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಬೀದಿಗಿಳಿದ ಮೇಲೂ ಸಿಕ್ಕವರಿಗೆಲ್ಲ, "ಯಾರಯ್ಯ ಅವನನ್ನ ಮೂಗ ಅಂದಿದ್ದು? ಅವನ ಬಾಯಿಗೆ ಬೀಳೋದಕ್ಕಿಂತ ಬಾವಿಗೆ ಬೀಳೋದು ವಾಸಿ" ಎಂದು ಹೇಳುತ್ತ ಹೋದರು. ದರ್ಜಿ ಮಾತ್ರ ಟೇಪು ಕೈಯಲ್ಲಿ ಹಿಡಿದು ನಿಂತೇ ಇದ್ದ. ಕೇಳುವವರಿಗೂ ನಗು ಬರುತ್ತದೆ ಎಂದು ಅವನಿಗೆ ಗೊತ್ತಾದದ್ದು ಅಂದೇ.

ಇಷ್ಟು ವರ್ಷ ನನ್ನ ಮಾತನ್ನು ಏನು ಮಾಡಿದೆ ಎಂದು ಸಂಜೆ ಮಗಳನ್ನು ಕೇಳಿದ. ಅವಳು ತಪ್ಪೊಪ್ಪಿಕೊಳ್ಳಲಿಲ್ಲ, ನಕ್ಕಳು. "ನೀನು ಹೇಳಿದ್ದನ್ನೆಲ್ಲ ಹಂಗಂಗೇ ಹೇಳಿದ್ರೆ ಅಂಗಡಿಗೆ ಯಾರಪ್ಪ ಬರ್ತಿದ್ರು?" ಅದು ನಿಜವೆಂದು ಅವನೂ ಒಪ್ಪಿಕೊಂಡ. ಆದರೆ ಭಾನುವಾರ ಬರುವ ನೆಂಟರ ವಿಷಯದಲ್ಲಿ ಅವನು ಜಗ್ಗಲಿಲ್ಲ.

ಔಷಧಿ ಅಂಗಡಿಯಲ್ಲೇ ಕೆಲಸ ಮಾಡುವ ಹುಡುಗನೊಬ್ಬನನ್ನು ಮಗಳು ಮೆಚ್ಚಿದ್ದಳು. ಅವನ ತಂದೆತಾಯಿ ಮಾತುಕತೆಗೆ ಬರುವವರಿದ್ದರು. ಅವತ್ತು ಅನುವಾದಕಿಯನ್ನು ಕರೆಸುತ್ತೇನೆ ಎಂದ ದರ್ಜಿ.

"ಯಾಕೆ, ನಾನು ಸತ್ತೋಗಿದೀನಾ?" ಎಂದಳು ಮಗಳು.

"ನಿನ್ನ ಮದುವೆ ಮಾತಿಗೆ ನೀನೇ ನಡುವೆ ನಿಂತ್ರೆ ಹೇಗೆ? ಬೀಗರಿಗೆ ನಿಮ್ಮಪ್ಪ ಯಾರು ಅಂತ ಗೊತ್ತಾಗ್ಲಿ. ನೀನು ಕತ್ತರಿಸಿ ಹೊಲಿದ ಅಪ್ಪ ಬೇಡ."

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಪ್ಪ. ಅವರಪ್ಪ ಸಿಡುಕು ಮನುಷ್ಯ. ಈ ಸಂಬಂಧ ತಪ್ಪಿದ್ರೆ ನಾನು ಇನ್ನೊಬ್ಬನ್ನ ಒಪ್ಪಲ್ಲ, ಹೇಳಿದೀನಿ."

ದರ್ಜಿಗೂ ಅಳುಕಿತ್ತು. ಒಬ್ಬಳೇ ಮಗಳು, ಅವಳ ಬಾಳು ತನ್ನ ಕೊಬ್ಬಿನ ಕೈಗಳಿಂದ ಕೆಟ್ಟರೆ ಗತಿಯೇನು? ಆದರೂ ಅನುವಾದಕಿಗೆ ಹೇಳಿಕಳಿಸಿದ.

ಭಾನುವಾರ ಅಂಗಡಿಯ ಮೇಲಿನ ಕೋಣೆಯಲ್ಲಿ ಎಲ್ಲರೂ ಕೂತರು. ಹುಡುಗನ ತಂದೆ ನಿವೃತ್ತ ಸ್ಟೇಷನ್ ಮಾಸ್ಟರ್. ಆಜಾನುಬಾಹು ಆಸಾಮಿ, ಗಡಸು ಗಂಟಲು. ದರ್ಜಿಯ ಕಣ್ಣು ಮೊದಲು ಹೋದದ್ದು ಆತನ ಕೋಟಿನ ಎಡತೋಳಿಗೆ. ಅದು ಬಲತೋಳಿಗಿಂತ ಉದ್ದವಾಗಿ ಬೆರಳಿನವರೆಗೂ ಜೋತಿತ್ತು. ಅನುವಾದಕಿ ಆತನ ಪಕ್ಕ ಕೂತು, "ಯಾರೇನು ಹೇಳಿದ್ರೂ ಹಾಗೇ ಹೇಳ್ತೀನಿ, ಏನೂ ಸೇರಿಸಲ್ಲ, ಏನೂ ಬಿಡಲ್ಲ. ಅವರನ್ನೇ ನೋಡ್ಕೊಂಡು ಮಾತಾಡಿ" ಎಂದಳು. ಆತ ಮಾತ್ರ ಮಗಳ ಕಡೆಗೇ ತಿರುಗಿದ.

"ನಿಮ್ಮಪ್ಪನಿಗೆ ಹೇಳಮ್ಮ. ಇಂಥ ಮನೆ ಅಂತ ಗೊತ್ತಿದ್ದೂ ನಾವು ದೊಡ್ಡ ಮನಸ್ಸು ಮಾಡಿ ಬಂದಿದೀವಿ. ನಾಳೆ ಹುಟ್ಟೋ ಮಕ್ಕಳು ಹೇಗಿರ್ತವೋ ಏನೋ, ಬೇಡ ಅಂತ ನಮ್ಮವರೆಲ್ಲ ಅಂದ್ರು."

ಮಗಳ ಕೈಗಳು ರೂಢಿಯಂತೆ ತಾವಾಗಿಯೇ ಎದ್ದವು. 'ಮನೆ ಚೆನ್ನಾಗಿದೆಯಂತೆ, ನಿಮ್ಮನ್ನೆಲ್ಲ ನೋಡಿ ಸಂತೋಷ ಆಯ್ತಂತೆ' ಎಂದವು. ಅದೇ ಗಳಿಗೆಯಲ್ಲಿ ಅನುವಾದಕಿಯ ಕೈಗಳು ಆತ ಆಡಿದ್ದನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದವು.

ದರ್ಜಿ ಎರಡನ್ನೂ ಒಟ್ಟಿಗೇ ನೋಡಿದ. ತನ್ನ ಮಾತು ಮಾತ್ರ ತೊಳೆದು ಹೋಗುತ್ತಿದೆ ಎಂದುಕೊಂಡಿದ್ದನಲ್ಲ, ಆ ಕಡೆಯಿಂದ ಬರುವುದೂ ತೊಳೆದೇ ಬರುತ್ತಿತ್ತು. ಬೇಕರಿಯವನು, ಮನೆ ಬಾಡಿಗೆಗೆ ಕೊಡದವರು, ಶಾಲೆಯಲ್ಲಿ ಸೀಟಿಲ್ಲ ಎಂದವರು, ಎಲ್ಲರೂ 'ಒಳ್ಳೇದು' ಎಂದೇ ಹೇಳಿದ್ದರು, ಮಗಳ ಕೈಯಲ್ಲಿ. ಅವನ ಕಣ್ಣು ತುಂಬಿತು.

"ಇಂಥದ್ದನ್ನೆಲ್ಲ ಎಷ್ಟು ವರ್ಷದಿಂದ ಒಬ್ಬಳೇ ನುಂಗ್ತಿದೀಯೇ ಮಗಳೇ?" ಎಂದು ಅವಳಿಗೆ ಸನ್ನೆ ಮಾಡಿದ. ಅದು ಅಪ್ಪ ಮಗಳ ಮಾತು. ಆದರೆ ಅನುವಾದಕಿ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಅದನ್ನೂ ಗಟ್ಟಿಯಾಗಿ ಹೇಳಿಬಿಟ್ಟಳು.

ಸ್ಟೇಷನ್ ಮಾಸ್ಟರ್ ತಲೆ ತಗ್ಗಿಸಿ ನೆಲ ನೋಡಿದ. ದರ್ಜಿ ಕಣ್ಣೊರೆಸಿಕೊಂಡು ಆತನ ಕಡೆ ತಿರುಗಿದ. ಅವನ ಕೈಗಳು ನಿಧಾನವಾಗಿ ಆಡಿದವು, ಅನುವಾದಕಿ ಹೇಳುತ್ತ ಹೋದಳು.

"ಮಕ್ಕಳು ಕಿವುಡಾಗಿ ಹುಟ್ಟಿದ್ರೆ ಚಿಂತೆ ಇಲ್ಲ, ಮಾತು ಕಲಿಸೋಕೆ ನಾನಿದೀನಿ. ಕಿವಿ ಕೇಳೋ ಮಕ್ಕಳೇ ಹುಟ್ಟಿದ್ರೂ ಏನು ಮಾಡೋಕಾಗುತ್ತೆ, ಸಾಕ್ಕೊಳ್ಳೋಣ. ಆದ್ರೆ ಬೀಗರು ಈ ಕೋಟು ಹಾಕ್ಕೊಂಡು ದರ್ಜಿ ಮನೆಗೆ ಬಂದು ಹೋದ್ರು ಅಂತ ಊರಿಗೆ ಗೊತ್ತಾದ್ರೆ ನಮ್ಮ ಮಾನ ಉಳಿಯಲ್ಲ."

ಮಗಳು ಕಣ್ಣು ಮುಚ್ಚಿಕೊಂಡಳು. ಮೊದಲು ನಕ್ಕದ್ದು ಹುಡುಗನ ತಾಯಿ. "ಈ ತೋಳಿನ ವಿಷಯ ನಾನು ಎಷ್ಟು ವರ್ಷದಿಂದ ಬಡ್ಕೋತಿದೀನಿ ರೀ" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಸ್ಟೇಷನ್ ಮಾಸ್ಟರ್ ತನ್ನ ತೋಳನ್ನೊಮ್ಮೆ ನೋಡಿಕೊಂಡ. ಆಮೇಲೆ ತಲೆಯೆತ್ತಿ, ಬಂದಾಗಿನಿಂದ ಮೊದಲ ಸಲ, ದರ್ಜಿಯ ಮುಖವನ್ನೇ ನೋಡಿ ಮಾತಾಡಿದ.

"ನಾನು ಹಾಗನ್ನಬಾರದಿತ್ತು. ತಪ್ಪಾಯ್ತು. ಇದು ಸರಿಹೋಗುತ್ತಾ?"

"ಬಿಚ್ಚಿ ಕೊಡಿ" ಎಂದ ದರ್ಜಿ. "ಮದುವೆ ದಿನ ಗೊತ್ತು ಮಾಡೋ ಹೊತ್ತಿಗೆ ಮುಗಿಸ್ತೀನಿ."

ಆತ ನಗುತ್ತ ಏನೋ ಹೇಳಲು ಬಾಯಿ ತೆರೆದ. ಮಗಳ ಕೈಗಳು ಮತ್ತೆ ಮೇಲೆದ್ದವು. ಪಕ್ಕದಲ್ಲಿದ್ದ ಅವಳಮ್ಮ ಆ ಕೈಗಳೆರಡನ್ನೂ ಹಿಡಿದು ಕೆಳಗಿಳಿಸಿ, ಅವುಗಳ ನಡುವೆ ಚಹಾದ ಲೋಟ ಇಟ್ಟಳು. ಅದು ಇನ್ನೂ ಬಿಸಿಯಾಗಿತ್ತು.