ಬಂಡಿದಾರಿಯ ಗೇಟು

ಕೆಂಗೇರಿಯ ಆಚೆ, ನಮ್ಮ ಬಡಾವಣೆಯ ಕೊನೆಯ ರಸ್ತೆಯಲ್ಲಿ ಕೊನೆಯ ಮನೆ ನಮ್ಮದು. ಮೂಡಲಪಾಳ್ಯದ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬರುವಾಗ ನಮ್ಮ ಯಜಮಾನರು, "ರಸ್ತೆ ಅಲ್ಲಿಗೇ ಮುಗಿಯುತ್ತೆ ಕಣೇ, ಗಾಡಿ ಓಡಾಟ ಇರಲ್ಲ, ನೆಮ್ಮದಿ" ಎಂದಿದ್ದರು. ಬಂದು ನೆಲೆಸಿದ ಮೇಲೆ ನೋಡಿದರೆ ರಸ್ತೆ ಮುಗಿದಿರಲಿಲ್ಲ. ಡಾಂಬರು ನಿಂತ ಕಡೆ ಒಂದು ಕಬ್ಬಿಣದ ಗೇಟು, ಗೇಟಿನಾಚೆ ಮಣ್ಣಿನ ದಾರಿ, ದಾರಿಯ ತುದಿಯಲ್ಲಿ ಹೊಂಗೆ ತೋಪು. ತೋಪಿನೊಳಗೆ ಹಳೇ ಊರಿನವರ ಸ್ಮಶಾನ, ಅದರ ಪಕ್ಕ ಒಂದು ಸಣ್ಣ ಮಾರಮ್ಮನ ಗುಡಿ. ಊರು ಬಡಾವಣೆಯ ಈ ಕಡೆ, ಊರಿನ ಸತ್ತವರು ಆ ಕಡೆ. ನಡುವೆ ನಾವು ಮನೆ ಕಟ್ಟಿಕೊಂಡು ಕೂತಿದ್ದೆವು.

ಮೊದಲು ಇದೆಲ್ಲ ರಾಗಿ ಹೊಲ. ಹೊಲಗಳ ಮಧ್ಯೆ ಊರಿನವರ ಬಂಡಿದಾರಿ ಇತ್ತು. ಜಮೀನು ಮಾರುವಾಗ ಆ ದಾರಿಯ ವಿಷಯ ಕ್ರಯಪತ್ರದಲ್ಲಿ ಬರೆಸಬೇಕೆಂದು ಯಾರೋ ಹೇಳಿದ್ದಕ್ಕೆ ಹಿರಿಯರು ಬೇಡ ಎಂದರಂತೆ. ಹೆಣ ಹೋಗುವ ದಾರಿಯನ್ನು ಯಾರಾದರೂ ತಡೆಯುತ್ತಾರೆಯೇ, ಅಂಥದ್ದನ್ನೆಲ್ಲ ಕಾಗದದಲ್ಲಿ ಬರೆಸಿದರೆ ಸಾವನ್ನು ಕೂಗಿ ಕರೆದ ಹಾಗೆ ಎಂದು ಸುಮ್ಮನಾದರಂತೆ. ಆ ಕಡೆಯಿಂದ ತೋಪಿಗೆ ಹೋಗಲು ಬೇರೆ ದಾರಿಯೂ ಇಲ್ಲ. ಅತ್ತ ರಾಜಕಾಲುವೆ, ಅದಕ್ಕೆ ಸೇತುವೆ ಇಲ್ಲ. ಅದರಾಚೆ ಏಳುತ್ತಿರುವ ಅಪಾರ್ಟ್‌ಮೆಂಟಿನ ತಗಡಿನ ಬೇಲಿ.

ನಮ್ಮ ಕಡೆ ಬೈಕುಗಳು ಕಳುವಾದ ಮೇಲೆ ಬಡಾವಣೆಯ ಸಂಘದವರು ಈ ಗೇಟು ಹಾಕಿಸಿದ್ದರು. ಊರಿನವರು ತಾಲ್ಲೂಕು ಕಚೇರಿಗೆ ದೂರು ಕೊಟ್ಟರು. ಅಲ್ಲಿಂದ ಒಬ್ಬ ಅಧಿಕಾರಿ ಬಂದು ಹಳೆಯ ನಕಾಶೆ ಬಿಚ್ಚಿ, ಇದು ಬಂಡಿದಾರಿ ಹೌದು, ಗೇಟು ಇರಲಿ, ಆದರೆ ಹಗಲೆಲ್ಲ ತೆರೆದಿರಬೇಕು, ಕತ್ತಲಾದ ಮೇಲೆ ಬೀಗ ಹಾಕಿಕೊಳ್ಳಿ ಎಂದರು. ಬೀಗದ ಕೈ ಯಾರ ಹತ್ತಿರ ಇರಬೇಕು ಎಂದು ಚರ್ಚೆಯಾದಾಗ ಎಲ್ಲರೂ ನಮ್ಮ ಮನೆಯ ಕಡೆ ನೋಡಿದರು. ಗೇಟಿಗೆ ಹತ್ತಿರ ನಾವೇ. ಇವರು ಆಫೀಸಿಗೆ ಹೋಗುವವರು. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ಹಾಗೇ ನಾಲ್ಕು ಹೆಜ್ಜೆ ಹೋಗಿ ಗೇಟು ತೆಗೆಯುತ್ತಿದ್ದೆ. ಸಂಜೆ ದೇವರ ದೀಪ ಹಚ್ಚಿದ ಮೇಲೆ ಬೀಗ ಹಾಕುತ್ತಿದ್ದೆ. ಹುಲ್ಲಿಗೆ ಹೋಗುವವರು, ಮೇಕೆ ಹೊಡೆದುಕೊಂಡು ಹೋಗುವವರು, ಮಂಗಳವಾರ ಶುಕ್ರವಾರ ಮಾರಮ್ಮನಿಗೆ ಮೊಸರನ್ನ ತೆಗೆದುಕೊಂಡು ಹೋಗುವ ಹೆಂಗಸರು, ವಾಕಿಂಗ್ ಹೋಗುವ ನಮ್ಮ ಬಡಾವಣೆಯವರು, ಎಲ್ಲರೂ ಅಲ್ಲೇ ಓಡಾಡುತ್ತಿದ್ದರು. ದೇವರು ನನಗೆ ದೊಡ್ಡ ಪುಣ್ಯದ ಕೆಲಸಗಳನ್ನು ಕೊಟ್ಟವನಲ್ಲ. ಇದೊಂದನ್ನು ಕೊಟ್ಟಿದ್ದಾನೆ, ನೆಟ್ಟಗೆ ಮಾಡೋಣ ಎಂದುಕೊಂಡಿದ್ದೆ.

ಎಲ್ಲರಿಗಿಂತ ಕೊನೆಗೆ ವಾಪಸು ಬರುತ್ತಿದ್ದವರು ಊರಿನ ಒಬ್ಬ ಅಜ್ಜಿ. ಒಂದು ಹಸು ಸಾಕಿದ್ದರು. ತಲೆಯ ಮೇಲೆ ಹುಲ್ಲಿನ ಹೊರೆ, ಮಡಿಲಲ್ಲಿ ಒಂದು ಹಿಡಿ ಹೊನಗನ್ನೆ ಸೊಪ್ಪು. ಸೊಪ್ಪು ನನಗೆ.

"ಯಾಕವ್ವಾ ಇಷ್ಟ್ ಬೇಗ ಬೀಗ ಜಡೀತೀಯ? ಮಾರಮ್ಮ ಓಡೋಯ್ತಾಳೆ ಅಂತಲಾ?"

"ನೀವು ಬಂದ್ರಲ್ಲ ಅಜ್ಜಿ, ಇನ್ಯಾರಿಗೆ ತೆಗೆದಿಡ್ಲಿ?"

"ನನ್ ಗಂಡ ಅವ್ನಲ್ಲ ಅಲ್ಲಿ. ಅವ್ನು ಎದ್ದು ಬರಾಕಿಲ್ಲ ಬುಡು. ಬದುಕಿದ್ದಾಗ್ಲೂ ಹಂಗೇಯ. ನಾನು ಹುಲ್ಲು ಕುಯ್ಯೋದು, ಅವ್ನು ಮರದಡಿ ಮಲಗೋದು."

ಹೀಗೆ ಹೇಳಿ ತಾವೇ ನಗುವರು. ಒಂದು ದಿನ ಮಾತ್ರ ನಗದೆ ಹೇಳಿದರು, "ಅವ್ನ ಬಲಗಡೀಕೆ ನನ್ ಜಾಗ ಹಂಗೇ ಬುಟ್ಟವ್ರೆ. ನಂಗೆ ಇನ್ನೇನೂ ಬ್ಯಾಡ. ಅಲ್ಲಿಗೊಂದು ಹೋಗಿ ಬಿದ್ಕೊಂಡ್ರೆ ಸಾಕು."

ಆ ವರ್ಷ ಮಳೆಗಾಲದಲ್ಲಿ ಸಂಘದ ಕಾರ್ಯದರ್ಶಿಗಳು ಮನೆಗೆ ಬಂದರು. ನಮ್ಮ ರಸ್ತೆಯಲ್ಲೇ ಇರುವವರು, ನಿವೃತ್ತ ಎಂಜಿನಿಯರು. ಕೈಯಲ್ಲಿ ಹೊಸ ಬೀಗವಿತ್ತು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಇನ್ಮೇಲೆ ಕೀ ನನ್ ಹತ್ರ ಇರುತ್ತೆ. ಮೀಟಿಂಗ್‌ನಲ್ಲಿ ತೀರ್ಮಾನ ಆಯ್ತು, ಗೇಟ್ ಕ್ಲೋಸ್."

"ಊರಿನವರು ಓಡಾಡ್ತಾರಲ್ಲ ಸಾರ್. ಆ ಆಫೀಸರ್ ಹೇಳಿದ್ರಲ್ಲ."

"ಬಾಯಿಮಾತಲ್ಲಿ ಹೇಳಿದ್ರು. ಬರೆದು ಕೊಟ್ಟಿದ್ದಾರಾ? ನಮ್ಮ ಮನೆ ಮುಂದೇನೇ ಹೆಣ ಹೋಗೋದು, ತಮಟೆ, ಪಟಾಕಿ, ಮಂಡಕ್ಕಿ ಚೆಲ್ಲೋದು. ನನ್ ಮೊಮ್ಮಗಳು ಜ್ವರ ಬಂದು ಮಲಗಿದ್ಲು ಮೇಡಂ ಹೋದ ಸಲ. ಸೈಟ್ ನೋಡೋಕೆ ಬಂದವರು ಹಾಗೇ ವಾಪಸ್ ಹೋಗ್ತಾರೆ."

ಮೊಮ್ಮಗಳಿಗೆ ಜ್ವರ ಬಂದಿದ್ದು ಸುಳ್ಳಲ್ಲ. ನಾನೇ ದೃಷ್ಟಿ ತೆಗೆದು ಬಂದಿದ್ದೆ.

ನಮ್ಮ ಮನೆಯ ಹಿಂದಿನ ಕಾಂಪೌಂಡಿನಲ್ಲಿ ಒಂದು ತಗಡಿನ ಬಾಗಿಲಿತ್ತು. ಮನೆ ಕಟ್ಟುವಾಗ ಮರಳು ಇಟ್ಟಿಗೆ ಆ ಕಡೆಯಿಂದ ಇಳಿಸಲು ಬಿಟ್ಟ ಜಾಗ. ಅದನ್ನು ತೆರೆದರೆ ನೇರ ಮಣ್ಣಿನ ದಾರಿಗೇ ಇಳಿಯಬಹುದು. ಕೆಲವು ದಿನ ಅಜ್ಜಿಯನ್ನು ಮನೆಗೂ ಕಾಂಪೌಂಡಿಗೂ ನಡುವಿನ ಓಣಿಯಲ್ಲಿ ಕರೆದುಕೊಂಡು ಹೋಗಿ ಅಲ್ಲಿಂದ ಬಿಟ್ಟೆ. ಇದು ಸಂಘದವರ ಕಿವಿಗೆ ಬಿತ್ತು. ಇವತ್ತು ಒಬ್ಬರು, ನಾಳೆ ಇಡೀ ಊರು ನಮ್ಮ ಮನೆಯೊಳಗೆ ಓಡಾಡುತ್ತೆ ಎಂದು ಯಜಮಾನರು ಆ ಬಾಗಿಲಿಗೂ ಬೀಗ ಹಾಕಿ, ಕೀಯನ್ನು ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು. ಅಜ್ಜಿ ಹಸು ಮಾರಿದರು. ಊರಿನವರ ಅರ್ಜಿ ತಾಲ್ಲೂಕು ಕಚೇರಿಯಲ್ಲಿ ಟೇಬಲ್ಲಿಂದ ಟೇಬಲ್ಲಿಗೆ ಹೋಗುತ್ತಿತ್ತು.

ಹಸು ಹೋದ ಮೇಲೂ ಒಮ್ಮೆ ಅಜ್ಜಿ ಬಂದು ನಮ್ಮ ಜಗಲಿಯ ಮೇಲೆ ಕೂತರು. ಕಾಫಿ ಕೊಟ್ಟೆ.

"ಹಸ ಹೋದ್ರೆ ಹೋಗ್ಲಿ ಕಣವ್ವಾ. ನಾನು ಹೋಗೋ ದಿನ ಏನ್ ಮಾಡಾಣ?"

"ಹೆಣಕ್ಕೆ ಯಾರೂ ಬೇಡ ಅನ್ನಲ್ಲ ಅಜ್ಜಿ. ತೆಗೆಸ್ತೀನಿ."

ಹಾಗೆಯೇ ನಂಬಿದ್ದೆ ಕೂಡ.

ಕಾರ್ತಿಕ ಮಾಸದಲ್ಲಿ, ತುಳಸಿ ಹಬ್ಬದ ಮರುದಿನ ಅಜ್ಜಿ ಹೋದರು. ಅಂದು ಭಾನುವಾರ. ಬೆಳಗ್ಗೆಯೇ ಊರಿನ ಹುಡುಗರು ಹಾರೆ ಗುದ್ದಲಿ ಆಚೆ ಎಸೆದು, ಗೇಟು ಹತ್ತಿ ಹಾರಿ, ಗುಂಡಿ ತೆಗೆಯಲು ಹೋದರು. ಹೆಣ ಬರುವ ಹೊತ್ತಿಗೆ ಬೀಗ ತೆಗೆಯುತ್ತಾರೆ ಎಂದು ಅವರೂ ನಂಬಿದ್ದರು. ಮಧ್ಯಾಹ್ನ ಚಟ್ಟ ಬಂತು. ಬೀಗ ಹಾಗೇ ಇತ್ತು.

ಅಜ್ಜಿಯ ಮಗ ಆಟೋ ಓಡಿಸುವವನು. ತಲೆಗೆ ಟವಲು ಕಟ್ಟಿಕೊಂಡು, ಕೈಯಲ್ಲಿ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತಿದ್ದ. ಕಾರ್ಯದರ್ಶಿಗಳು ಮೊಬೈಲು ಹಿಡಿದುಕೊಂಡು ಗೇಟಿನ ಪಕ್ಕ ನಿಂತಿದ್ದರು.

"ಒಂದು ಸಲ ತೆಗೀರಿ ಸಾರ್. ಇನ್ನೊಂದು ಸಲ ಕೇಳಲ್ಲ."

"ನಾನೊಬ್ನೇ ತಗೊಂಡ ತೀರ್ಮಾನ ಅಲ್ಲಪ್ಪಾ. ಇವತ್ತು ತೆಗೆದ್ರೆ ನಾಳೆ ಅದೇ ಸಾಕ್ಷಿ ಆಗುತ್ತೆ. ವಿದ್ಯುತ್ ಚಿತಾಗಾರಕ್ಕೆ ತಗೊಂಡು ಹೋಗಿ. ಆಂಬುಲೆನ್ಸ್ ನಾನೇ ಕರೆಸ್ತೀನಿ."

"ಗುಂಡಿ ತೆಗೆದಾಗಿದೆ ಸಾರ್. ತೆಗೆದ ಗುಂಡಿ ಖಾಲಿ ಬಿಡಂಗಿಲ್ಲ. ಇನ್ನೊಬ್ಬರನ್ನ ಕೇಳುತ್ತೆ ಅದು."

"ಈ ಕಾಲದಲ್ಲೂ ಇದೆಲ್ಲ ನಂಬ್ತೀರಲ್ಲಪ್ಪಾ."

ಹಿಂದಿನಿಂದ ಒಬ್ಬ ಹಿರಿಯರು ಬೀಗ ಒಡೆಯೋಣ ಎಂದರು. "ಒಡೀರಿ, ವಿಡಿಯೋ ಆಗ್ತಾ ಇದೆ" ಎಂದರು ಕಾರ್ಯದರ್ಶಿಗಳು. ಮಗ ತನ್ನವರನ್ನು ತಡೆದ. ಕೇಸಾದರೆ ಆಟೋ ಬ್ಯಾಡ್ಜು ಹೋಗುತ್ತದೆ, ಮನೆಯಲ್ಲಿ ಎಲ್ಲರೂ ಉಪವಾಸ ಎಂದ. ತಾಲ್ಲೂಕು ಕಚೇರಿಗೆ ಫೋನು ಮಾಡೋಣವೆಂದರೆ ಭಾನುವಾರ. ಹೊತ್ತವರು ಹೆಗಲು ಬದಲಾಯಿಸುತ್ತ ಬಿಸಿಲಿನಲ್ಲಿ ನಿಂತಿದ್ದರು. ಒಮ್ಮೆ ಹೊತ್ತ ಚಟ್ಟವನ್ನು ಕಂಡ ಕಂಡಲ್ಲಿ ಇಳಿಸುವಂತಿಲ್ಲ. ಗೇಟಿನ ಮೇಲಿಂದ ದಾಟಿಸೋಣ ಎಂದು ಯಾರೋ ಅಂದರು. ಗೇಟಿನ ಮೇಲೆಲ್ಲ ಈಟಿಯಂಥ ಮೊನೆಗಳು. ಮಗ ಬೇಡವೆಂದು ತಲೆಯಾಡಿಸಿದ.

ನಾನು ಒಳಗೆ ಹೋಗಿ ಅಡುಗೆಮನೆ ಬಾಗಿಲ ಹಿಂದಿನಿಂದ ಕೀ ತೆಗೆದುಕೊಂಡೆ. ಯಜಮಾನರು ನಡುಮನೆಯಲ್ಲಿ ನಿಂತಿದ್ದರು.

"ಏನ್ ಮಾಡ್ತಾ ಇದೀಯ?"

"ಓಣೀಲಿ ಹೋಗ್ಲಿ."

"ತಲೆ ಕೆಟ್ಟಿದೆಯೇನೇ ನಿಂಗೆ? ಇರೋ ಮನೆ ಕಾಂಪೌಂಡ್ ಒಳಗೆ ಯಾರಾದ್ರೂ ಹೆಣ ಬಿಟ್ಕೋತಾರಾ? ಮುಂದಿನ ತಿಂಗಳು ಮಗಳು ಬಾಣಂತನಕ್ಕೆ ಬರ್ತಾಳೆ. ಅದು ನೆನಪಿದೆಯಾ?"

ನೆನಪಿತ್ತು. ನಮಗೆ ಒಬ್ಬಳೇ ಮಗಳು, ಅತ್ತಿಗುಪ್ಪೆಗೆ ಕೊಟ್ಟಿದ್ದೇವೆ. ಅವಳಿಗೆಂದು ಹಳೇ ಸೀರೆಗಳನ್ನು ಒಗೆದು ಓಣಿಯಲ್ಲೇ ಒಣಹಾಕಿದ್ದೆ. ಹೋಗಿ ಮೊದಲು ಆ ಸೀರೆಗಳನ್ನು ಎಳೆದುಕೊಂಡು ಬಕೆಟ್ಟಿಗೆ ಹಾಕಿದೆ, ದಾರ ಬಿಚ್ಚಿದೆ, ಆಮೇಲೆ ತಗಡಿನ ಬಾಗಿಲು ತೆಗೆದೆ. ನಮ್ಮ ಮನೆಯ ಮುಂಬಾಗಿಲ ಗೇಟಿಗೆ ಬಂದು ಅಜ್ಜಿಯ ಮಗನನ್ನು ಕರೆದೆ.

"ಈ ಕಡೆ ಬನ್ನಿ ಅಪ್ಪಾ. ಇಲ್ಲಿಂದ ಆಚೆ ಹೋಗಬಹುದು."

ಅವನು ಅಲ್ಲೇ ನಿಂತ. "ಬೇಡಕ್ಕಾ. ನಿಮ್ಮನೆಗೆ ಕೆಟ್ಟದಾಗುತ್ತೆ."

"ನಮ್ಮನೆ ದೇವ್ರು ನಂಜುಂಡಪ್ಪ ನೋಡ್ಕೋತಾನೆ. ಹೊತ್ತವರು ನಿಂತಿದ್ದಾರೆ, ಬನ್ನಿ."

ತಮಟೆಯವರು ತಾವಾಗಿಯೇ ಬಡಿಯುವುದನ್ನು ನಿಲ್ಲಿಸಿದರು. ಓಣಿ ಕಿರಿದು, ಮುಂದೆ ಇಬ್ಬರು ಹಿಂದೆ ಇಬ್ಬರು ಮಾತ್ರ ಹಿಡಿಯಲು ಸಾಧ್ಯವಿತ್ತು. ಒಂದು ಕಡೆ ಗೋಡೆಗೆ ಮೊಣಕೈ ತರಚುತ್ತಿತ್ತು. ತಿರುವಿನಲ್ಲಿ ತುಳಸಿಕಟ್ಟೆ. ಹಿಂದಿನ ದಿನ ಸಿಕ್ಕಿಸಿದ್ದ ನೆಲ್ಲಿಕಾಯಿಯ ಕೊಂಬೆ, ಕಬ್ಬಿನ ಜಲ್ಲೆ ಇನ್ನೂ ಹಸಿರಾಗಿದ್ದವು. ಚಟ್ಟ ಅಲ್ಲಿ ತಿರುಗಲಿಲ್ಲ. ಹೊತ್ತವರು ನನ್ನ ಮುಖ ನೋಡಿದರು. ಕೊಂಬೆಯನ್ನೂ ಜಲ್ಲೆಯನ್ನೂ ನಾನೇ ಕಿತ್ತು ಪಕ್ಕಕ್ಕೆ ಇಟ್ಟೆ. ತಲೆಯ ಕಡೆ ಸ್ವಲ್ಪ ಮೇಲೆತ್ತಿ, ಕಟ್ಟೆಯ ಮೇಲಿಂದ ದಾಟಿಸಿದರು. ಅಜ್ಜಿಯ ಮುಖ ನನಗೆ ತೀರ ಹತ್ತಿರದಲ್ಲಿ ಹೋಯಿತು. ಹಣೆಯ ತುಂಬ ವಿಭೂತಿ ಬಳಿದಿದ್ದರು.

ಅವರೆಲ್ಲ ದಾಟಿದ ಮೇಲೆ ನಾನು ಬಾಗಿಲಲ್ಲೇ ನಿಂತೆ. ಅಂದು ಮಳೆ ಬರಲಿಲ್ಲ. ಗುಂಡಿಯಲ್ಲಿ ನೀರು ನಿಂತಿರಲಿಲ್ಲ ಎಂದು ವಾಪಸು ಬರುವಾಗ ಮಗ ಹೇಳಿದ. "ಅಪ್ಪನ ಬಲಗಡೆಗೇ ಆಯ್ತಕ್ಕಾ" ಎಂದ. ಅವರ ಹಿಂದೆಯೇ ಓಣಿಗೆಲ್ಲ ನೀರು ಸುರಿದು, ಗೋಮೂತ್ರ ಚಿಮುಕಿಸಿ, ತಣ್ಣೀರಿನಲ್ಲಿ ತಲೆಗೆ ಸ್ನಾನ ಮಾಡಿ ಒಳಗೆ ಬಂದೆ. ದೇವರ ಮುಂದೆ ದೀಪವನ್ನು ಇವರೇ ಹಚ್ಚಿಟ್ಟಿದ್ದರು.

ವಿಡಿಯೋ ಅತ್ತಿಗುಪ್ಪೆಗೆ ನನಗಿಂತ ಮುಂಚೆ ತಲುಪಿತು. ಬೀಗರು ಫೋನು ಮಾಡಿ, ಬಸುರಿ ಹೆಂಗಸನ್ನು ಆ ಮನೆಗೆ ಕಳಿಸುವುದಿಲ್ಲ ಎಂದರು. ಗಟ್ಟಿಯಾಗಿಯೂ ಹೇಳಲಿಲ್ಲ. "ನೀವೇ ಯೋಚನೆ ಮಾಡಿ ಅತ್ತಿಗೆ, ನಿಮ್ಮ ಮಗನ ಹೆಂಡತಿ ಆಗಿದ್ರೆ ನೀವು ಕಳಿಸ್ತಿದ್ರಾ?" ಎಂದು ಕೇಳಿದರು. ಬಹುಶಃ ನಾನೂ ಕಳಿಸುತ್ತಿರಲಿಲ್ಲ. ಮಗಳಿಗೆ ಅಲ್ಲಿಯೇ ಹೆರಿಗೆಯಾಯಿತು. ತಾಯಿ ಮಗು ಕ್ಷೇಮ. ಬಾಣಂತಿಗೆ ನೀರು ಹಾಕಲು ಯಾರನ್ನೋ ಸಂಬಳಕ್ಕಿಟ್ಟರು. ನಾನು ಬೆಳ್ಳುಳ್ಳಿ ಮೆಣಸಿನ ಸಾರು ಮಾಡಿಕೊಂಡು ಕೆಂಗೇರಿಯಿಂದ ಮೆಟ್ರೋ ಹತ್ತಿ ಹೋಗಿ, ಒಂದು ಗಂಟೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತು ಬರುತ್ತಿದ್ದೆ. ಮೆಟ್ರೋ ಇತ್ತಲ್ಲ, ಬಸ್ಸಿನಲ್ಲಾದರೆ ಸಾರು ಚೆಲ್ಲಿ ಹೋಗುತ್ತಿತ್ತು.

ಕೊನೆಗೆ ಬೀಗರು ಒಂದು ದಾರಿ ಹೇಳಿದರು. ಶಾಂತಿ ಹೋಮ ಮಾಡಿಸಿ, ಆ ಬಾಗಿಲು ಮುಚ್ಚಿಸಿದರೆ ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಕಳಿಸುತ್ತೇವೆ ಎಂದು. ಇವರು ಗಾರೆಯವನನ್ನು ಕರೆಸಿದರು. ಅದೇ ವಾರ ಸಂಘದವರು ರಸ್ತೆ ಕೊನೆಯ ಗೇಟನ್ನೂ ಕಿತ್ತು ಗೋಡೆ ಕಟ್ಟಿಸುತ್ತಿದ್ದರು. ಅಲ್ಲಿನ ಸಿಮೆಂಟ್ ಇಟ್ಟಿಗೆ ಮಿಕ್ಕಿತ್ತು, ಕಾರ್ಯದರ್ಶಿಗಳು ಕಳಿಸಿಕೊಟ್ಟರು. ನಾನು ಬೇಡ ಎನ್ನಲಿಲ್ಲ. ಗಾರೆಯವನಿಗೆ ಟೀ ಮಾಡಿಕೊಟ್ಟೆ. ಮಗಳು ಬಂದಳು, ಮಗು ನಮ್ಮ ಮನೆಯಲ್ಲಿ ಮಗುಚಿಕೊಳ್ಳುವುದನ್ನು ಕಲಿಯಿತು. ಅದನ್ನು ನೋಡುವ ಭಾಗ್ಯ ಸಿಕ್ಕಿತು.

ಈಗ ಊರಿನಲ್ಲಿ ಯಾರು ಹೋದರೂ ವ್ಯಾನು ಬರುತ್ತದೆ, ಹೆದ್ದಾರಿ ಹಿಡಿದು ಚಿತಾಗಾರಕ್ಕೆ ಹೋಗುತ್ತದೆ. ತೋಪಿನಲ್ಲಿ ಕೊನೆಗೆ ಮಣ್ಣಾದವರು ಅಜ್ಜಿಯೇ. ತಾಲ್ಲೂಕು ಕಚೇರಿಯವರು ಇನ್ನೊಮ್ಮೆ ಅಳತೆಗೆ ಬರುತ್ತಾರೆ ಎಂದು ಹೇಳುತ್ತಲೇ ಇದ್ದಾರೆ.

ಅಜ್ಜಿ ಹೋಗಿ ವರ್ಷ ತುಂಬಿದಾಗ ಅವರ ಮಗ ಬಂದ. ಕೈಯಲ್ಲಿ ಬಾಳೆಹಣ್ಣು, ಊದಿನಕಡ್ಡಿ, ಡಬ್ಬಿಯಲ್ಲಿ ಮುದ್ದೆ ಸಾರು, ಒಂದು ಹೊಸ ಸೀರೆ. ಎಡೆ ಇಡಲು ತೋಪಿಗೆ ಹೋಗಬೇಕಿತ್ತು. ಓಣಿಯ ಕೊನೆಗೆ ಹೋಗಿ ಕಟ್ಟಿದ ಗೋಡೆಯನ್ನು ನೋಡಿ ವಾಪಸು ಬಂದ. ಯಾಕೆ ಮುಚ್ಚಿಸಿದಿರಿ ಎಂದು ಕೇಳಿದ್ದರೆ ಹೇಳುತ್ತಿದ್ದೆ.

"ಹಾರಿ ಹೋಗ್ತೀಯೇನಪ್ಪಾ?" ಎಂದು ಇವರೇ ಕೇಳಿದರು.

"ನಾನು ಹಾರ್ತೀನಿ ಸಾರ್. ಎಡೆ ಹಾರಿಸಬಾರದು."

ಇವರು, "ಮೇಲಕ್ಕೆ ಕರ್ಕೊಂಡು ಹೋಗೇ" ಎಂದು ನನಗೆ ಹೇಳಿ ಒಳಗೆ ಹೋದರು. ಅವನನ್ನು ತಾರಸಿಗೆ ಕರೆದುಕೊಂಡು ಹೋದೆ. ಅಲ್ಲಿಂದ ಗೋಡೆಯಾಚೆಗೆ ಹೊಂಗೆ ಮರಗಳ ತಲೆ ಕಾಣುತ್ತದೆ, ನೆಲ ಕಾಣುವುದಿಲ್ಲ. ಬಾಳೆಲೆಯ ತುಂಡು ತಂದುಕೊಟ್ಟೆ. ನೀರಿನ ಟ್ಯಾಂಕಿನ ಪಕ್ಕ, ಆ ಮರಗಳ ಕಡೆಗೆ ಮುಖ ಮಾಡಿ ಎಲೆ ಹಾಕಿ, ಬಡಿಸಿ, ಸೀರೆ ಇಟ್ಟ. ಯಾವ ಮರದ ಕೆಳಗೆ ಎಂದು ನಾನು ಕೇಳಿದೆ. ಕೈ ತೋರಿಸಲು ಹೋಗಿ, ಕೊಂಬೆ ಬೆಳೆದು ಎಲ್ಲ ಒಂದಾಗಿವೆ, ಇಲ್ಲಿಂದ ಗೊತ್ತಾಗಲ್ಲಕ್ಕಾ ಎಂದ. ಕಾಗೆ ಬರುವವರೆಗೂ ಇಬ್ಬರೂ ಟ್ಯಾಂಕಿನ ನೆರಳಿನಲ್ಲಿ ಕೂತಿದ್ದೆವು.