ಉಪ್ಪು ಬಿದ್ದ ಗೊಬ್ಬರಗುಂಡಿ

ಕುಮಟೆಯ ನರ್ಸರಿಯೊಂದರಲ್ಲಿ ಮೊನ್ನೆ ಮೀನುಗೊಬ್ಬರದ ಚೀಲ ಬಿಚ್ಚಿದರು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಬಾಡ ಊರಿನ ಆಚೆಮನೆ ಅಕ್ಕ ನೆನಪಾದಳು...

ನಾನಾಗ ಅಲ್ಲಿನ ಶಾಲೆಗೆ ಹೊಸ ಮಾಸ್ತರ. ಅವಳು ಬೆಳಿಗ್ಗೆ ಮೀನು ಮಾರಿ, ಮಧ್ಯಾಹ್ನದ ಮೇಲೆ ಒಡೆಯರೊಬ್ಬರ ಪಾಳು ನೆಲದ ತುಂಡಿನಲ್ಲಿ ಬೆವರು ಸುರಿಸುತ್ತಿದ್ದಳು. ಚೀರೆಕಲ್ಲಿನ ಕೆಂಪು ಮಣ್ಣು. ಪರೀಕ್ಷೆಗೆ ಕಳಿಸಿದಾಗ ಹುಳಿಯಂಶ ಹೆಚ್ಚೆಂದು ಚೀಟಿ ಬಂತು. ಓದಿ ಹೇಳಿದವನು ನಾನೇ.

"ಹುಳಿ ಇದ್ರೆ ಸಾರು ಮಾಡೂಕೆ ಆತು," ಎಂದಳು.

ಒಂದು ಹಂಗಾಮಿನಲ್ಲಿ ಹರಿವೆ ಸೊಪ್ಪು ಎದ್ದರೆ ನೆಲ ಅವಳ ಕೈಯಲ್ಲಿ ಉಳಿಯುತ್ತಿತ್ತು. ಇಲ್ಲವಾದರೆ ಒಡೆಯರು ಗೇರುಸಸಿ ನೆಡುವವರಿದ್ದರು.

ಗುಂಡಿಗೆ ಒಣ ಎಲೆ, ಸಗಣಿ, ಒಲೆಯ ಬೂದಿ, ಕುಟ್ಟಿದ ಚಿಪ್ಪಿ, ಮೀನಿನ ತಲೆ-ಕರುಳು. ಮೂರೋ ನಾಲ್ಕೋ ತಿಂಗಳು ಹೀಗೆ ಪದರ ಪದರವಾಗಿ ತುಂಬಿದಳು. ಅವಳು ಜ್ವರದಲ್ಲಿ ಮಲಗಿದ ವಾರ ಮೀನಿನ ಕಸ ತರುವ ಕೆಲಸ ನನಗೆ ಬಂತು. ಮೀನುಪೇಟೆಯ ತನಕ ಹೋಗಲು ಸೋಮಾರಿತನ. ದಂಡೆಯಲ್ಲಿ ಮೀನು ಒಣಗಿಸುವಲ್ಲಿಂದ ಬುಟ್ಟಿಗಟ್ಟಲೆ ಚೂರು ತಂದು ಸುರಿದೆ. ಮೀನು ತಿನ್ನದ ಮನೆಯವನು ನಾನು. ಒಣಮೀನಿಗೆ ಉಪ್ಪು ಹಾಕುತ್ತಾರೆಂಬುದು ಹೊಳೆಯಲೇ ಇಲ್ಲ.

ಆ ಗೊಬ್ಬರ ಹಾಕಿ ಬಿತ್ತಿದ ಹರಿವೆ ಮೊಳೆತು, ಬೆರಳುದ್ದ ಬರುವಷ್ಟರಲ್ಲಿ ತುದಿ ಸುಟ್ಟು ಮಲಗಿತು. ಅಕ್ಕ ಒಂದು ಚಿಟಿಕೆ ಗೊಬ್ಬರ ನಾಲಿಗೆಗೆ ಮುಟ್ಟಿಸಿದಳು.

"ಮಾಸ್ತ್ರೆ, ಗೊಬ್ಬರ ಮಾಡೂಕೆ ಹೇಳಿದ್ದೆ. ನೀವು ಉಪ್ಪಿನಕಾಯಿ ಹಾಕ್ಬಿಟ್ರಿ!"

ನಕ್ಕಳೆಂದು ನೆನಪು. ಈ ನೆನಪು ನನ್ನ ಪರವಾಗಿದೆ, ಪೂರ್ತಿ ನಂಬಬೇಡಿ. ಆಮೇಲೆ ದಿನವೂ ಬಾವಿಯ ನೀರು ಹೊತ್ತು ಮಣ್ಣಿನ ಉಪ್ಪು ತೊಳೆದಳು, ಕೊಡಪಾನದ ಮೇಲೆ ಕೊಡಪಾನ... ಅದು ಮಾತ್ರ ಖಂಡಿತ. ಒಂದು ಗಿಡವೂ ಉಳಿಯಲಿಲ್ಲ.

ಒಡೆಯರು ಬಂದರು. "ಎಂತ ಆತೇ ಇದು?"

"ನನ್ನ ಕೈತಪ್ಪು ಒಡೆಯಾ. ಉಪ್ಪುಮೀನು ಹಾಕ್ಬಿಟ್ಟೆ."

ಮೀನು ಮಾರುವವಳಿಗೆ ಉಪ್ಪುಮೀನಿನ ಗುರುತಿಲ್ಲವೇ ಎಂದು ಗೇಲಿ ಮಾಡಿದರು. ನಾನು ಬದಿಯಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಮಳೆ ಹಿಡಿದದ್ದೇ ಗೇರು ನೆಟ್ಟರು.

ಆ ಗೇಲಿಯ ಮರುದಿನ ಎಂದಿನಂತೆ ಬೇಲಿಯಾಚೆಯಿಂದ, "ಮಾಸ್ತ್ರೆ, ಚಾ ಆತಾ?" ಎಂದಿದ್ದಳು. ಆ ವಿಷಯ ಅವಳು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ...

ಅವಳು ತೀರಿಕೊಂಡು ವರ್ಷಗಳಾದವು. ಮೊನ್ನೆ ನರ್ಸರಿಯಿಂದ ನೇರ ಒಡೆಯರ ಮನೆಗೆ ಹೋಗಿ, ಹರಿವೆ ಸತ್ತದ್ದು ಅವಳಿಂದಲ್ಲ, ನನ್ನಿಂದ ಎಂದು ಹೇಳಿದೆ. ಮುದುಕರಾಗಿದ್ದಾರೆ.

"ಹರಿವೆಯಾ? ಅಲ್ಲಿ ಮೊದಲಿಂದ್ಲೂ ಗೇರೇ ಅಲ್ದಾ, ಮಾಸ್ತ್ರೆ?"