ರಾಸ್ಕೋ ಬೆಥೂನನ ಬೆನ್ನ ಹಿಂದೆ

ಲೆಮ್ಯುಯೆಲ್ ಓಡಮ್ ಬಹಳ ವಿನಯವಂತನೆಂದು ನಮ್ಮ ಬೀದಿಯವರೆಲ್ಲ ಎಷ್ಟೋ ವರ್ಷ ನಂಬಿದ್ದೆವು. ಶನಿವಾರ ಗ್ಯಾಸ್ಕಿನ್ಸನ ಕ್ಷೌರದಂಗಡಿಯಲ್ಲಿ ಬ್ಯಾಸ್ಕೆಟ್‌ಬಾಲಿನಲ್ಲಿ ರಸೆಲ್ ದೊಡ್ಡ ಸೆಂಟರೋ ನಮ್ಮೂರ ಹುಡುಗ ಚೇಂಬರ್ಲೇನ್ ದೊಡ್ಡ ಸೆಂಟರೋ ಎಂಬ ಜಗಳ ಶುರುವಾದರೆ ಅರ್ಧ ಗಡ್ಡ ಬೋಳಿಸಿಕೊಂಡವರೂ ಕುರ್ಚಿ ಬಿಟ್ಟು ಎದ್ದು ಬರುತ್ತಿದ್ದರು. ಉತ್ತರ ಫಿಲಡೆಲ್ಫಿಯಾದಲ್ಲಿ ಚೇಂಬರ್ಲೇನನ ವಿರುದ್ಧ ಬಾಯಿ ತೆರೆಯುವವನು ಮೊದಲು ಬಾಗಿಲು ಎಲ್ಲಿದೆಯೆಂದು ನೋಡಿಕೊಂಡಿರಬೇಕು. ಅಂಥ ಗದ್ದಲದಲ್ಲಿ, ದುಡ್ಡು ತೆಗೆದುಕೊಂಡು ಬ್ಯಾಸ್ಕೆಟ್‌ಬಾಲ್ ಆಡಿದ್ದ ಒಬ್ಬನೇ ಒಬ್ಬ, ಆರಡಿ ಹತ್ತಂಗುಲದ ಲೆಮ್ಯುಯೆಲ್, ಮಂಡಿ ಗಲ್ಲಕ್ಕೆ ತಾಗುವಂತೆ ಮೂಲೆಯಲ್ಲಿ ಕೂತು ಸುಮ್ಮನಿರುತ್ತಿದ್ದ. ಎಂಥ ದೊಡ್ಡ ಮನಸ್ಸು ಎಂದುಕೊಳ್ಳುತ್ತಿದ್ದೆವು. ಅದು ವಿನಯವಾಗಿರಲಿಲ್ಲ. ಡೀಕನ್ ಪೀಬಲ್ಸರು ಒಮ್ಮೆ ಉಸಿರು ತೆಗೆದುಕೊಳ್ಳಲಿ ಎಂದು ಅವನು ಕಾಯುತ್ತಿದ್ದ, ಅಷ್ಟೆ.

ಪೀಬಲ್ಸರು ನಮ್ಮ ಚರ್ಚಿನ ಹಿರಿಯರು. ಚೆಂಡು ಮುಟ್ಟಿದವರಲ್ಲ. ಆದರೆ ಆಟದ ವಿಷಯದಲ್ಲಿ ಅವರಿಗೆ ತಿಳಿಯದ್ದನ್ನು ದೇವರು ಇನ್ನೂ ಸೃಷ್ಟಿಸಿರಲಿಲ್ಲ.

ಲೆಮ್ಯುಯೆಲ್ ಆಡಿದ್ದು ಎರಡೇ ಸೀಸನ್, ಅದೂ ಬದಲಿ ಸೆಂಟರ್ ಆಗಿ. ಎದುರು ತಂಡದ ಸೆಂಟರ್ ಬುಟ್ಟಿಗೆ ಬೆನ್ನು ಹಾಕಿ ನಿಂತು ಚೆಂಡು ಕೇಳುತ್ತಾನಲ್ಲ, ಅವನ ಹಿಂದೆ ನಿಲ್ಲುವುದು ಇವನ ಕೆಲಸ. ಸೊಂಟಕ್ಕೆ ಮುಂಗೈ ಒತ್ತಿ, ಆಸಾಮಿ ಎಡಕ್ಕೆ ತಿರುಗುತ್ತಾನೋ ಬಲಕ್ಕೋ ಎಂದು ಚರ್ಮದಿಂದಲೇ ತಿಳಿದುಕೊಂಡು ಅಡ್ಡ ಹಾಕಬೇಕು. ಆ ಕಾಲದ ಮಹಾ ಸೆಂಟರುಗಳಲ್ಲೊಬ್ಬನಾದ ರಾಸ್ಕೋ ಬೆಥೂನನನ್ನೇ ಹಾಗೆ ತಡೆದವನು ತಾನು ಎಂದು ಮದುವೆಗೆ ಮುಂಚೆಯೇ ವರ್ಡೆಲ್‌ಗೆ ಹೇಳಿದ್ದ. ಅವಳು ಅವನನ್ನು ಒಪ್ಪಿಕೊಂಡಿದ್ದರಲ್ಲಿ ಆ ಮಾತಿಗೂ ಸ್ವಲ್ಪ ಪಾಲಿತ್ತು. ಆಮೇಲಿನ ವರ್ಷಗಳೆಲ್ಲ ಅಂಚೆ ಕಚೇರಿಯ ಚೀಲ ಎತ್ತುವುದರಲ್ಲೇ ಕಳೆದವು.

ಅದೇ ಬೆಥೂನ್ ನಮ್ಮ ಚರ್ಚಿನ ಶುಕ್ರವಾರದ ಮೀನೂಟಕ್ಕೆ ಅತಿಥಿಯಾಗಿ ಬರುತ್ತಾನೆಂದು ಗೊತ್ತಾಯಿತು. ವೇದಿಕೆಯ ಮೇಲೆ ಅವನ ಪಕ್ಕದಲ್ಲಿ ಲೆಮ್ಯುಯೆಲ್‌ಗೂ ಒಂದು ಕುರ್ಚಿ ಎಂದು ಪೀಬಲ್ಸರು ಅಪ್ಪಣೆ ಮಾಡಿದರು. ವರ್ಡೆಲ್ ತನ್ನ ಅಕ್ಕತಂಗಿಯರಿಗೆಲ್ಲ ಹೇಳಿ, ಗಂಡನ ಕೋಟಿನ ತೋಳು ಬಿಚ್ಚಿಸಿ ಉದ್ದ ಮಾಡಿಸಿದಳು. ಊಟದ ಹಿಂದಿನ ದಿನ ಪೀಬಲ್ಸರು ಕ್ಷೌರದಂಗಡಿಗೆ ಬಂದು ಗಂಟಲು ಸರಿಮಾಡಿಕೊಂಡರು.

"ಬ್ರದರ್ ಓಡಮ್, ಬೆಥೂನರನ್ನೇ ಫೋನಲ್ಲಿ ಕೇಳಿದೆ. ಓಡಮ್ ಅನ್ನೋ ಹೆಸರೇ ಅವರು ಕೇಳಿಲ್ವಂತೆ. ಇಲ್ಲದ್ದನ್ನ ವೇದಿಕೆ ಮೇಲೆ ಕೂರಿಸಿದರೆ ಚರ್ಚಿಗೆ ಮರ್ಯಾದೆ ಅಲ್ಲ."

"ಹೋಗ್ಲಿ ಬಿಡು ಲೆಮ್," ಎಂದ ಗ್ಯಾಸ್ಕಿನ್ಸ್, "ನಾನೂ ನನ್ನ ಹೆಂಡ್ತಿಗೆ ದೊಡ್ಡ ಹಾಡುಗಾರ ಅಂತಲೇ ಹೇಳಿದ್ದೆ."

ಅಂಗಡಿಯೆಲ್ಲ ನಕ್ಕಿತು. ಲೆಮ್ಯುಯೆಲ್ ಅದನ್ನು ಹೇಗೋ ನುಂಗಿಕೊಂಡ. ಮನೆಗೆ ಬಂದು ಹೇಳಿದಾಗ ವರ್ಡೆಲ್ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ಅವನ ಎದುರು ಆಡಿದ್ಯೋ ಇಲ್ವೋ ಹೇಳು ಎಂದಳು. ಆಡಿದ್ದೆ ಎಂದ. ಹಾಗಾದರೆ ನಾಳೆ ಕೋಟು ಹಾಕ್ಕೋ ಎಂದಳು. ಆದರೆ ಕೇಳಿದಳಲ್ಲ, ಕೇಳಬೇಕೆಂದು ಅನ್ನಿಸಿತಲ್ಲ ಅವಳಿಗೆ. ಅದು ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು.

ಶುಕ್ರವಾರ ಚರ್ಚಿನ ನೆಲಮಾಳಿಗೆಗೆ ಬೆಥೂನ್ ಕೋಲೂರಿಕೊಂಡು ಬಂದ. ಲೆಮ್ಯುಯೆಲ್ ಎದುರಿಗೆ ಹೋಗಿ ನಿಂತು ತನ್ನ ಹೆಸರು ಹೇಳಿದ. ಬೆಥೂನ್ ಅವನ ಮುಖವನ್ನು ಸೌಜನ್ಯದಿಂದ ನೋಡಿ, ಕಾಗದದ ಕರವಸ್ತ್ರದ ಮೇಲೆ ರುಜು ಹಾಕಿ ಕೈಗಿತ್ತ. ಅಭಿಮಾನಿ ಎಂದುಕೊಂಡನೇನೋ. ಮೀನು ಬಡಿಸುತ್ತಿದ್ದ ವರ್ಡೆಲ್ ಅದನ್ನು ಕಂಡಳು. ಕಣ್ಣು ತಗ್ಗಿಸಿ ಬಾಣಲೆಯನ್ನು ನೋಡತೊಡಗಿದಳು.

ಊಟದ ಸಾಲಿನಲ್ಲಿ ಬೆಥೂನನ ಹಿಂದೆಯೇ ಲೆಮ್ಯುಯೆಲ್ ನಿಂತಿದ್ದ. ಕರಿದ ಮೀನಿನ ವಾಸನೆಗೆ ಸೋತ ಭಕ್ತಾದಿಗಳು ಹಿಂದಿನಿಂದ ನೂಕಿದರು. ಬೆಥೂನ್ ತೂರಾಡಿದ. ಲೆಮ್ಯುಯೆಲ್‌ನ ಮುಂಗೈ ತಾನಾಗಿಯೇ ಹೋಗಿ ಆ ಸೊಂಟಕ್ಕೆ ಆತುಕೊಂಡಿತು. ಅದು ತಾಗಿದ್ದೇ ತಡ, ಮುದುಕ ಕೋಲು ಮರೆತು ಹಿಂದಕ್ಕೆ ಒರಗಿ, ಎಡಭುಜ ತಗ್ಗಿಸಿ ತಿರುಗಲು ನೋಡಿದ. ಅಲ್ಲಿ ಲೆಮ್ಯುಯೆಲ್‌ನ ಮೊಣಕಾಲು ಆಗಲೇ ಬಂದಿತ್ತು.

ಬೆಥೂನ್ ಹಿಂದಿರುಗಿ ನೋಡದೆ ಹಾಗೇ ನಿಂತ.

"ಈ ಕೈ ನನಗೊತ್ತು. ಎಡಗಡೆಗೆ ತಿರುಗೋಕೇ ಬಿಡ್ತಿರ್ಲಿಲ್ಲ, ದರಿದ್ರದವನು. ನೀನೇನಾ?"

"ನಾನೇ."

ಆಮೇಲೆ ತಿರುಗಿದ. "ನಿನ್ನ ಮುಖ ಹೀಗಿತ್ತೇನೋ? ಇನ್ನೂ ಕೆಟ್ಟದಾಗಿರತ್ತೆ ಅಂದ್ಕೊಂಡಿದ್ದೆ."

"ನಿನ್ನ ಮುಖಾನ ನಾನೂ ಪೇಪರಲ್ಲೇ ನೋಡಿದ್ದು."

ವರ್ಡೆಲ್ ಎಲ್ಲಕ್ಕಿಂತ ದೊಡ್ಡ ಮೀನನ್ನು ಆರಿಸಿ ಗಂಡನ ತಟ್ಟೆಗೆ ಹಾಕಿ, ತನ್ನ ಅಕ್ಕತಂಗಿಯರು ಕೂತಿದ್ದ ಮೇಜಿನ ಕಡೆ ತಲೆಯೆತ್ತಿ ನೋಡಿದಳು. ಪೀಬಲ್ಸರು ತಾವೇ ಕುರ್ಚಿ ಹೊತ್ತು ತಂದು ವೇದಿಕೆಯ ಮೇಲಿಟ್ಟರು. ಈ ಅಪರೂಪದ ಸಮಾಗಮ ತಮ್ಮ ಬಹುದಿನದ ಯೋಜನೆಯೆಂದು ಸಭೆಗೆ ತಿಳಿಸಿ, ಮೈಕನ್ನು ಲೆಮ್ಯುಯೆಲ್‌ನ ಬಾಯಿಗೆ ಹಿಡಿದರು.

"ಬ್ರದರ್ ಓಡಮ್, ಆ ಮಹಾಪುರುಷರ ಹಿಂದೆ ನಿಂತಾಗ ಇತಿಹಾಸವೇ ಕಣ್ಣಮುಂದೆ ಕಾಣಿಸ್ತಿತ್ತಾ?"

ಲೆಮ್ಯುಯೆಲ್ ಬಾಯಲ್ಲಿದ್ದ ಮೀನನ್ನು ಅಗಿದು ಮುಗಿಸಿದ.

"ಇಲ್ಲ ಡೀಕನ್. ಒದ್ದೆ ಬನಿಯನ್ ಕಾಣಿಸ್ತಿತ್ತು."